ಕುದುರೆಮುಖದ ಗೇಟಿನಲ್ಲಿ ತಲೆ ಎಣಿಸಿದ ಮೇಲೆ ಏನು?

ಮಾನ್ಯ ಅರಣ್ಯ ಸಚಿವರಿಗೆ ಮತ್ತು ಕರ್ನಾಟಕ ಅರಣ್ಯ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ಚಾರಣ ನಿಲ್ಲಿಸಿ ಎಂದು ಕೇಳುವ ಪತ್ರಗಳು ನಿಮಗೆ ಬರುತ್ತಲೇ ಇರುತ್ತವೆ. ಇನ್ನೂ ಜಾಸ್ತಿ ಜನರನ್ನು ಬಿಡಿ ಎನ್ನುವವೂ ಬರುತ್ತವೆ. ನನ್ನದು ಆ ಎರಡೂ ಗುಂಪಿಗೆ ಸೇರುವುದಿಲ್ಲ. ಕುದುರೆಮುಖ ಶಿಖರಕ್ಕೆ ಟಿಕೆಟ್ ತೆಗೆದುಕೊಂಡು ಒಳಗೆ ಬಂದವರು ಯಾವ ಹೊತ್ತಿಗೆ ಹೊರಡುತ್ತಾರೆ, ಯಾರ ಜೊತೆ ನಡೆಯುತ್ತಾರೆ, ಎಲ್ಲಿಯವರೆಗೆ ಹೋಗುತ್ತಾರೆ, ಇಷ್ಟನ್ನು ಇಲಾಖೆ ತನ್ನ ಕೆಲಸ ಅಂದುಕೊಳ್ಳಬೇಕು ಎಂದು ಕೇಳಲು ಬರೆಯುತ್ತಿದ್ದೇನೆ.

2024ರ ಜನವರಿಯ ಕೊನೆಯ ವಾರಾಂತ್ಯ ನಿಮಗೆ ನೆನಪಿರುತ್ತದೆ. ಗಣರಾಜ್ಯೋತ್ಸವದ ರಜೆ ಶುಕ್ರವಾರವೇ ಬಂದಿತ್ತು. ಕುಮಾರ ಪರ್ವತದ ಹಾದಿಯಲ್ಲಿ ಜನ ಜಾತ್ರೆಯಂತೆ ಕಿಕ್ಕಿರಿದ ವಿಡಿಯೊ ಎಲ್ಲರ ಫೋನಿಗೂ ಬಂತು. ಅದರ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷ ಚಾರಣದ ಟಿಕೆಟ್ ಬುಕ್ ಮಾಡುವ ಅರಣ್ಯ ವಿಹಾರ ವೆಬ್‌ಸೈಟ್ ಶುರುವಾಯಿತು. ಈಗ ಕುದುರೆಮುಖದಂಥ ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಇದೆ. ಒಳ್ಳೆಯ ಕೆಲಸ. ಯಾರು ಬಂದರು, ಎಷ್ಟು ಜನ ಬಂದರು ಎಂಬ ಲೆಕ್ಕವೇ ಇಲ್ಲದ ಕಾಲಕ್ಕಿಂತ ಇದು ಎಷ್ಟೋ ವಾಸಿ.

ಆದರೆ 300 ಎಂಬುದು ಗೇಟಿನ ಲೆಕ್ಕ. ಹಾದಿಯ ಲೆಕ್ಕ ಬೇರೆಯೇ ಇದೆ. ಸ್ವಲ್ಪ ನೋಡಿ.

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಟೆಂಪೊ ಟ್ರಾವೆಲರ್‌ಗಳು ಹೊರಡುತ್ತವೆ. ಶನಿವಾರ ಬೆಳಗಿನ ಜಾವ ಕಳಸದ ಸುತ್ತಮುತ್ತ ಯಾವುದೋ ಹೋಮ್‌ಸ್ಟೇಯಲ್ಲಿ ಮುಖ ತೊಳೆದು, ಇಡ್ಲಿಯೋ ಉಪ್ಪಿಟ್ಟೋ ತಿಂದು, ಸಂಸೆ ಕಡೆಯಿಂದ ಜೀಪು ಹತ್ತಿ, ಚಾರಣ ಶುರುವಾಗುವ ಮುಳ್ಳೋಡಿಗೆ ಬರುತ್ತಾರೆ. ಎಲ್ಲರದ್ದೂ ಒಂದೇ ಸಮಯ. ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್. ಮೇಲೆ ಟೆಂಟ್ ಹಾಕುವಂತಿಲ್ಲ, ಸಂಜೆಯೊಳಗೆ ಕೆಳಗೆ ಇಳಿದಿರಬೇಕು. ಹಾಗಾಗಿ ಎಲ್ಲರಿಗೂ ಬೆಳಗ್ಗೆಯೇ ಅವಸರ. 300 ಜನ ಒಂದೂವರೆ ಗಂಟೆಯೊಳಗೆ ಹೊರಟರು ಅಂದುಕೊಳ್ಳಿ. 18 ಸೆಕೆಂಡಿಗೆ ಒಬ್ಬರಾಯಿತು. ಒಬ್ಬರ ಹಿಂದೆ ಒಬ್ಬರು ಮಾತ್ರ ನಡೆಯಬಹುದಾದ ಕಾಲುದಾರಿಯಲ್ಲಿ ಇದು ಸಾಲೇ ಆಗುತ್ತದೆ, ಅಲ್ವಾ? ನಿಯಮ ಒಂದೂ ಮುರಿದಿಲ್ಲ. ಟಿಕೆಟ್ ಎಲ್ಲ ಸರಿ ಇದೆ. ಆದರೂ ಕಾಡಿನಲ್ಲಿ ಕ್ಯೂ.

ಈ ಕ್ಯೂ ಹುಲ್ಲುಗಾವಲಿಗೆ ಏನು ಮಾಡುತ್ತದೆ ಎಂಬುದನ್ನು ಹಾದಿಯಲ್ಲಿ ಸಿಗುವ ಒಂಟಿಮರ ಎಂಬ ಜಾಗ ದಾಟಿದ ಮೇಲಿನ ಏರಿನಲ್ಲಿ ಯಾರು ಬೇಕಾದರೂ ನೋಡಬಹುದು. ಜನ ನಡೆದೂ ನಡೆದೂ ಹಾದಿಯ ಹುಲ್ಲು ಹೋಗುತ್ತದೆ. ಬೇರು ಹೋದ ಮಣ್ಣನ್ನು ಮಳೆ ಕೊಚ್ಚುತ್ತದೆ. ಇಲ್ಲಿ ಬೀಳುವ ಮಳೆ ಸಾಮಾನ್ಯದ್ದಲ್ಲ, ವರ್ಷಕ್ಕೆ ಸುಮಾರು 7,000 ಮಿಲಿಮೀಟರ್. ಹಾದಿ ಮೊದಲು ಗೇಣು ಆಳ, ಆಮೇಲೆ ಮೊಣಕಾಲು ಆಳದ ಓಣಿ. ಅದರೊಳಗೆ ಕಾಲಿಟ್ಟರೆ ಜಾರುತ್ತದೆ. ಹಿಂದಿನಿಂದ ಬರುವವರಿಗೆ ಅವಸರ. ಸರಿ, ಪಕ್ಕದ ಹುಲ್ಲಿನ ಮೇಲೆ ಹೆಜ್ಜೆ. ಒಂದು ಮಳೆಗಾಲ ಕಳೆಯುವುದರೊಳಗೆ ಅಲ್ಲೊಂದು ಎರಡನೇ ಹಾದಿ. ಅದೂ ಓಣಿಯಾದಾಗ ಮೂರನೆಯದು. ಮೇಲಿನಿಂದ ನೋಡಿದರೆ ಗುಡ್ಡದ ಬೆನ್ನಿನ ಮೇಲೆ ಕೆಂಪು ಗೆರೆಗಳು ಕೂಡುತ್ತಾ ಅಗಲುತ್ತಾ ಹೋಗುವುದು ಕಾಣುತ್ತದೆ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಪ್ಲಾಸ್ಟಿಕ್ ಎಸೆದವರನ್ನು ಹಿಡಿದು ದಂಡ ಹಾಕಬಹುದು. ಜಾರುತ್ತದೆ ಎಂದು ಪಕ್ಕಕ್ಕೆ ಹೆಜ್ಜೆ ಇಟ್ಟವರಿಗೆ ಏನು ಹೇಳುತ್ತೀರಿ?

ಹುಲ್ಲುಗಾವಲು ಎಂದರೆ ಕಾಡು ಬೆಳೆಯದ ಖಾಲಿ ಜಾಗ ಎಂದು ನಮ್ಮಲ್ಲಿ ಎಷ್ಟೋ ಜನ ಇನ್ನೂ ಅಂದುಕೊಂಡಿದ್ದಾರೆ. ಗುಡ್ಡದ ಬೆನ್ನಿನ ಮೇಲೆ ಹುಲ್ಲು, ನೀರು ನಿಲ್ಲುವ, ಗಾಳಿ ಕಡಿಮೆ ಇರುವ ಮಡಿಕೆಗಳಲ್ಲಿ ಶೋಲಾ ಕಾಡು. ಎರಡೂ ಸೇರಿ ಒಂದೇ ವ್ಯವಸ್ಥೆ. ಮಳೆ ಹುಲ್ಲಿನ ಬೇರಿನ ಮೂಲಕ ಮಣ್ಣಿಗೆ ಇಳಿದು, ಶೋಲಾದ ಕಪ್ಪು ಮಣ್ಣಿನಲ್ಲಿ ನಿಂತು, ಮಳೆ ಮುಗಿದ ಮೇಲೂ ತಿಂಗಳುಗಟ್ಟಲೆ ಸಣ್ಣಗೆ ಹೊರಬರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ. ಮಂಗಳೂರಿನವರು ಕುಡಿಯುವುದೂ, ಶಿವಮೊಗ್ಗ, ದಾವಣಗೆರೆ ಕಡೆ ಗದ್ದೆ ತೋಟಗಳಿಗೆ ಹರಿಯುವುದೂ ಈ ಕಡೆಯ ನೀರೇ. ಹಾಗಾಗಿ ಮೊಣಕಾಲು ಆಳದ ಓಣಿಯನ್ನು ಸುಮ್ನೆ ಸವೆದ ಹಾದಿ ಎಂದು ಬಿಡಲು ನನಗೆ ಮನಸ್ಸಾಗುವುದಿಲ್ಲ. ಅದು ಮಳೆ ನೀರನ್ನು ನೆಲಕ್ಕೆ ಇಳಿಯಲು ಬಿಡದೆ ಕೆಳಗೆ ಓಡಿಸುವ ಚರಂಡಿ.

ಈ ಬೆಟ್ಟಕ್ಕೆ ಹೂಳಿನ ಕಥೆ ಹೊಸದೇನಲ್ಲ. 1976ರಲ್ಲಿ ಶುರುವಾದ ಕಬ್ಬಿಣದ ಅದಿರು ಕಂಪನಿ ಇಲ್ಲಿ ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಮಂಗಳೂರಿನ ಪಣಂಬೂರಿನವರೆಗೆ ಕಳಿಸುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿಕೊಂಡಿತು, ಇವತ್ತಿಗೂ ಅಲ್ಲಿದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದ ಆರಂಭದಲ್ಲಿ ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು. ಅದರ ಬಲದಿಂದ 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಆದರೂ ಗಣಿ ನಿಲ್ಲಲಿಲ್ಲ. ಭದ್ರೆಗೆ ಸೇರುವ ಹೂಳಿನ ವಿಷಯ ಕೋರ್ಟಿನವರೆಗೂ ಹೋಯಿತು. ನಿಮ್ಮದೇ ಇಲಾಖೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರು ಆ ಹೋರಾಟದಲ್ಲಿ ಮುಂದೆ ನಿಂತರು. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ಮುಚ್ಚಿತು. ಗಣಿಗೂ ಚಾರಣಿಗರ ಬೂಟಿಗೂ ಹೋಲಿಕೆಯೇ ಇಲ್ಲ, ಅದು ನನಗೆ ಗೊತ್ತು. ಆದರೆ ಹೂಳನ್ನು ನಿಲ್ಲಿಸಲು ಅಷ್ಟು ದೂರ ಹೋದ ಜಾಗದಲ್ಲಿ, ನಾವೇ ಟಿಕೆಟ್ ಕೊಟ್ಟು ಕಳಿಸುವ ಹಾದಿಯಿಂದ ಮಣ್ಣು ಹೋಗುತ್ತಿದ್ದರೆ ಅದನ್ನು ನೋಡಿಕೊಳ್ಳಲು ಒಂದು ಹಾರೆ, ನಾಲ್ಕು ಕಲ್ಲು, ಇಬ್ಬರು ಆಳು ಇಲ್ಲ ಎನ್ನುವುದು ಸರಿಯಲ್ಲ. ಟಿಕೆಟ್ ಹಣದಲ್ಲಿ ಒಂದು ಪಾಲು ಹಾದಿ ದುರಸ್ತಿಗೆಂದೇ ಎತ್ತಿಡಿ. ಏರಿನಲ್ಲಿ ಅಲ್ಲಲ್ಲಿ ಅಡ್ಡಲಾಗಿ ಕಲ್ಲು ಹೂಡಿ ನೀರನ್ನು ಪಕ್ಕಕ್ಕೆ ತಿರುಗಿಸಿದರೆ ಎಷ್ಟೋ ಸವೆತ ಅಲ್ಲೇ ನಿಲ್ಲುತ್ತದೆ. ಅಡಿಕೆ ತೋಟದಲ್ಲಿ ನೀರು ಹರಿದುಹೋಗಲು ಉಜಿರು ಕಣಿ ತೆಗೆಯುವ ಮಲೆನಾಡಿನ ಯಾವ ರೈತನನ್ನು ಕೇಳಿದರೂ ಎಲ್ಲಿ ತಿರುಗಿಸಬೇಕು ಎಂದು ತೋರಿಸುತ್ತಾನೆ.

ಬೇಸಿಗೆಯಲ್ಲಿ ನೀವು ಚಾರಣ ಮುಚ್ಚುತ್ತೀರಿ. ಹುಲ್ಲು ಒಣಗಿರುತ್ತದೆ, ಒಂದು ಬೀಡಿ ಕಿಡಿ ಸಾಕು. ಅದರ ಬಗ್ಗೆ ನನ್ನ ತಕರಾರಿಲ್ಲ. ಬೆಂಕಿ ರೇಖೆ ಕಡಿದು ಬಿಸಿಲಲ್ಲಿ ಕಾವಲು ಕಾಯುವ ವಾಚರ್‌ಗಳ ಕಷ್ಟ ಶಿಖರದ ಫೋಟೊದಲ್ಲಿ ಕಾಣುವುದಿಲ್ಲ. ನನ್ನ ಮಾತು ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಹಸಿರಾಗಿರುತ್ತದೆ, ಮಂಜು ಬರುತ್ತದೆ, ರೀಲ್ಸ್ ಚೆನ್ನಾಗಿ ಬರುತ್ತದೆ, ಬುಕಿಂಗಿಗೆ ಪೈಪೋಟಿ. ಮಣ್ಣು ಅತಿ ಮೆತ್ತಗಿರುವುದೂ ಆಗಲೇ. ಅತಿ ಜಾಸ್ತಿ ಮಳೆಯ ವಾರಗಳಲ್ಲಿ 300 ಯಾಕೆ ಬೇಕು? ಒಣ ದಿನಕ್ಕೊಂದು ಸಂಖ್ಯೆ, ಹಸಿ ದಿನಕ್ಕೊಂದು ಸಂಖ್ಯೆ ಇರಲಿ. ಮಳೆಯಿಂದ ಹಾದಿ ಮುಚ್ಚಿದ ದಿನ ಬುಕ್ ಮಾಡಿದವರಿಗೆ ಬೇರೆ ದಿನಾಂಕ ತಾನಾಗಿಯೇ ಸಿಗಲಿ. ಜನಕ್ಕೆ ಹಣ ಹೋಗುವ ಭಯ ಇಲ್ಲದಿದ್ದರೆ ಗೇಟಿನಲ್ಲಿ ನಿಂತು ಜಗಳ ಆಡುವುದಿಲ್ಲ. ಗಾರ್ಡ್‌ಗೂ ‘ಬೇಡ’ ಎನ್ನಲು ಧೈರ್ಯ ಬರುತ್ತದೆ.

ಇನ್ನು ಗೈಡ್‌ಗಳ ವಿಷಯ. ನನ್ನ ಪತ್ರದ ಮುಖ್ಯ ಮಾತು ಇದೇ.

ಮುಳ್ಳೋಡಿ ಹಾದಿಯಲ್ಲಿ ಒಮ್ಮೆ ಎರಡು ತಂಡಗಳು ಒಂದೇ ಹಳ್ಳದ ಹತ್ತಿರ ಸೇರಿದ್ದನ್ನು ನೋಡಿದೆ. ಒಂದು ದೊಡ್ಡ ತಂಡ. ಮುಂದೆ ನಗರದಿಂದ ಬಂದ ಟ್ರೆಕ್ ಲೀಡರ್, ಊರಿನ ಗೈಡ್ ಎಲ್ಲರಿಗಿಂತ ಹಿಂದೆ, ಸುಸ್ತಾದವರ ಚೀಲ ಹೊತ್ತುಕೊಂಡು. ಒಬ್ಬರ ಬೆನ್ನಿಗೆ ಕಟ್ಟಿದ ಸ್ಪೀಕರ್‌ನಲ್ಲಿ ಹಾಡು. ಇನ್ನೊಂದು ಐದಾರು ಜನರ ಸಣ್ಣ ಗುಂಪು. ಅವರ ಮುಂದೆ ಒಬ್ಬ ನಡುವಯಸ್ಸಿನ ಗೈಡ್. ಕೈಯಲ್ಲೊಂದು ಕೋಲು, ಕೋಲಿನ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಕಾಲಿಗೆ ಇಂಬಳ ಹತ್ತಿದರೆ ಗಂಟಿನಿಂದ ಹಾಗೆ ಮುಟ್ಟಿಸಿದರೆ ಸಾಕು, ಉದುರುತ್ತದೆ. ಇದೇ ಕೆಲಸಕ್ಕೆ ದೊಡ್ಡ ತಂಡದವರು ಬಾಟಲಿಗಟ್ಟಲೆ ಸ್ಪ್ರೇ ಹೊಡೆದುಕೊಳ್ಳುತ್ತಿದ್ದರು.

ಆ ಗೈಡ್ ಹಳ್ಳದ ದಡದಲ್ಲಿ ನಿಂತುಬಿಟ್ಟ. ‘ಯಾಕಣ್ಣಾ, ನೀರು ಕಮ್ಮಿ ಇದೆಯಲ್ಲ?’ ಎಂದು ಒಬ್ಬ ಹುಡುಗ ಕೇಳಿದ. ‘ಕಮ್ಮಿ ಇದೆ. ಆದರೆ ಬಣ್ಣ ನೋಡಿ, ಈಗ ಕೆಂಪಾಗ್ತಾ ಇದೆ. ಮೇಲೆ ಮಳೆ ಹೊಡೆದಿದೆ. ಸ್ವಲ್ಪ ತಡೀರಿ’ ಎಂದ. ಸಣ್ಣ ಗುಂಪಿನವರು ಕಾದರು. ದೊಡ್ಡ ತಂಡದವರು ದಾಟಿದರು. ನೀರು ಏರಿತು, ಪುಣ್ಯಕ್ಕೆ ಅವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಕಾಯುತ್ತಾ ಕೂತ ಹೊತ್ತಿನಲ್ಲಿ ಸಣ್ಣ ಗುಂಪಿನವರು ಹಳ್ಳದ ಪಕ್ಕದ ಒದ್ದೆ ಬಂಡೆಯ ಮೇಲೆ ಕಾಡು ಕರ್ಣಕುಂಡಲದ ಹೂ ನೋಡಿದರು. ಕೆಂಪು ಎಲೆಯ ತುದಿಯಲ್ಲಿ ಅಂಟಿನ ಹನಿ ಹೊತ್ತು ಕೀಟ ಹಿಡಿಯುವ ಪುಟ್ಟ ಡ್ರೊಸೆರಾ ಗಿಡ ನೋಡಿದರು. ಕಾಡಿನ ಒಳಗಿನಿಂದ ಯಾರೋ ಹುಡುಗ ಶಿಳ್ಳೆ ಹಾಕುತ್ತಿದ್ದಾನೆ ಎಂದು ಒಬ್ಬಳು ತಿರುಗಿ ನೋಡಿದಳು. ಅದು ಸರಳೆ ಸಿಳ್ಳಾರ ಎಂಬ ಹಕ್ಕಿ ಎಂದು ಗೈಡ್ ಹೇಳಿದ. ಆ ಗುಂಪು ಶಿಖರ ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಸರದಲ್ಲಂತೂ ಇರಲಿಲ್ಲ.

ಜೊತೆಗೆ ಗೈಡ್ ಇರಬೇಕು ಎಂದು ನಿಯಮ ಬರೆಯುವುದು ಸುಲಭ. ಹತ್ತು ಜನಕ್ಕೆ ಒಬ್ಬ ಊರಿನ ಗೈಡ್, ನಿಲ್ಲುವುದು ಹೊರಡುವುದು ಅವನ ಮಾತಿನಂತೆ, ತಂಡದ ಲೀಡರ್ ಯಾರೇ ಇರಲಿ, ಹೀಗೆ ಬರೆಯಿರಿ. ಅವನ ಸಂಬಳ ಟಿಕೆಟ್ ಹಣದಿಂದಲೇ ನೇರವಾಗಿ ಹೋಗಲಿ. ದಿನದ ಕೊನೆಗೆ ತಂಡದವರು ಕೊಟ್ಟಷ್ಟು ಎನ್ನುವ ಲೆಕ್ಕದಲ್ಲಿ ಬದುಕುವವನು ತಂಡದವರಿಗೆ ‘ಸ್ಪೀಕರ್ ಆಫ್ ಮಾಡಿ’ ಎಂದು ಹೇಗೆ ಹೇಳುತ್ತಾನೆ? ಹಳ್ಳ ಏರುತ್ತಿದೆ, ವಾಪಸ್ ಹೋಗೋಣ ಎಂದು ಹೇಗೆ ಹೇಳುತ್ತಾನೆ? ಹಾಗೆ ಹೇಳಿದ್ದಕ್ಕೆ ಅವನ ಕೂಲಿಗೆ ಕತ್ತರಿ ಬೀಳಬಾರದು. ಪ್ರಥಮ ಚಿಕಿತ್ಸೆ, ಕಾಲು ಉಳುಕಿದವರನ್ನು ಕೆಳಗೆ ತರುವ ವಿಧಾನ, ಇಷ್ಟು ತರಬೇತಿ ಕೊಡಿ. ಹಕ್ಕಿ ಗಿಡಗಳ ಬಗ್ಗೆ ಅವರಿಗೆ ಹೇಳಿಕೊಡುವ ಮೊದಲು ಅವರಿಂದಲೇ ಕೇಳಿ ಬರೆದುಕೊಳ್ಳಿ ಎಂಬುದು ನನ್ನ ಸಲಹೆ.

ಈ ಗೈಡ್‌ಗಳಲ್ಲಿ ಎಷ್ಟೋ ಜನ ಉದ್ಯಾನದ ಒಳಗಿನ, ಅಂಚಿನ ಊರುಗಳವರು. ಅವರ ಸ್ಥಿತಿ ವಿಚಿತ್ರವಾಗಿದೆ. ಕಾಡಿನೊಳಗೆ ಇರುವುದರಿಂದ ರಸ್ತೆಗೂ ಕರೆಂಟಿಗೂ ಅವರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯಬೇಕು. ಪರಿಹಾರ ತೆಗೆದುಕೊಂಡು ಹೊರಗೆ ಹೋಗಿ ಎಂಬ ಯೋಜನೆ ಒಂದು ಕಡೆ. ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಈ ಕಡೆ ಎಂಥ ಗಾಯ ಮಾಡಿದೆ ಎಂಬುದನ್ನು ನಿಮಗೆ ನಾನು ನೆನಪಿಸಬೇಕಾಗಿಲ್ಲ. ಇನ್ನೊಂದು ಕಡೆ ಶನಿವಾರ ಭಾನುವಾರ ಅದೇ ಮಣ್ಣು ರಸ್ತೆಯಲ್ಲಿ ಪ್ರವಾಸಿಗರನ್ನು ತುಂಬಿಕೊಂಡ ಜೀಪುಗಳ ಸಾಲು. ಊರಿನವರ ಕಣ್ಣಲ್ಲಿ ಇದು ಹೇಗೆ ಕಾಣುತ್ತದೆ ಎಂದು ಒಂದು ಸಲ ಯೋಚಿಸಿ. ಚಾರಣ ನಿಂತರೆ ಅವರ ಸಂಪಾದನೆಯೂ ಅವತ್ತೇ ನಿಲ್ಲುತ್ತದೆ. ಜೀಪು, ಊಟ, ಹೋಮ್‌ಸ್ಟೇ, ಗೈಡ್ ಕೆಲಸ, ಎಲ್ಲ ಒಟ್ಟಿಗೆ. ಹಾಗಾಗಿ ‘ಮುಚ್ಚಿಬಿಡಿ’ ಎನ್ನುವ ನಗರದ ಪರಿಸರಪ್ರೇಮಿ ಗೆಳೆಯರ ಜೊತೆ ನಾನಿಲ್ಲ. ಈ ಕಾಡು ಉಳಿದರೆ ತಮಗೂ ನಾಲ್ಕು ಕಾಸು ಬರುತ್ತದೆ ಎಂದು ನಂಬುವವರು ಒಳಗೆ ಇರಬೇಕು. ಬೆಂಕಿ ಬಿದ್ದ ದಿನ ಮೊದಲು ಓಡಿ ಬರುವವರೂ ಅವರೇ.

ಇನ್ನು ಎಲ್ಲಿಯವರೆಗೆ ಎಂಬ ಪ್ರಶ್ನೆ. ಈಗ ಕುದುರೆಮುಖದ ಟಿಕೆಟ್ ಎಂದರೆ ಶಿಖರದ ಟಿಕೆಟ್. ಸುಮಾರು 1,890 ಮೀಟರ್ ಎತ್ತರ, ಸಂಸೆ ಕಡೆಯಿಂದ ಕುದುರೆಯ ಮುಖದಂತೆ ಕಾಣುವ ಬೆಟ್ಟ, ಅದರ ಮೇಲೆ ನಿಂತ ಫೋಟೊ. ಹತ್ತಿದವರಿಗೆ ಖುಷಿಯಾಗುವುದು ಸಹಜ. ನನಗೂ ಆಗಿದೆ. ಆದರೆ ಬಂದವರಲ್ಲಿ ಎಷ್ಟೋ ಜನರಿಗೆ 20 ಕಿಲೋಮೀಟರ್ ಅಭ್ಯಾಸವಿಲ್ಲ. ರಾತ್ರಿಯಿಡೀ ಗಾಡಿಯಲ್ಲಿ ಕೂತು ಬಂದಿರುತ್ತಾರೆ. ವಯಸ್ಸಾದವರು, ಮಕ್ಕಳನ್ನು ಕರೆತಂದವರು ಇರುತ್ತಾರೆ. ಬೇರೆ ಆಯ್ಕೆ ಕಾಣದೆ ಅವರೂ ಶಿಖರದ ಸಾಲಿಗೇ ಸೇರುತ್ತಾರೆ. ಮಧ್ಯಾಹ್ನ ಅರ್ಧ ಏರಿನಲ್ಲಿ ಮಂಡಿ ಹಿಡಿದು ಕೂರುತ್ತಾರೆ.

ಅರ್ಧ ದಿನದ ಇನ್ನೊಂದು ಟಿಕೆಟ್ ಕೊಡಿ. ಗೈಡ್ ಜೊತೆ ಒಂದೆರಡು ಹಳ್ಳ ದಾಟಿ, ಶೋಲಾದ ಅಂಚಿನಲ್ಲಿ ನಡೆದು, ಹುಲ್ಲುಗಾವಲಿನ ಮೊದಲ ಏರಿನವರೆಗೆ ಹೋಗಿ ವಾಪಸ್. ಕಡವೆ ಹೆಜ್ಜೆ, ಕಾಟಿಯ (ಕಾಡುಕೋಣದ) ಸಗಣಿ, ಕೆಂಚಳಿಲಿನ ಗೂಡು ನೋಡಲು ಶಿಖರಕ್ಕೆ ಹೋಗಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಶಿಖರಕ್ಕೆ ಓಡುವವರಿಗೆ ಇವು ಕಾಣುವುದೂ ಕಡಿಮೆ. ಶಿಖರದವರು ಬೆಳಗ್ಗೆ 6ರಿಂದ ಹೊರಡಲಿ, ಹತ್ತು ಜನರ ತಂಡವಾಗಿ, ಆರೇಳು ನಿಮಿಷ ಬಿಟ್ಟು ಬಿಟ್ಟು. ಅವರು ಮುಂದೆ ಹೋದ ಮೇಲೆ ಅರ್ಧ ದಿನದವರು. ಮದುವೆ ಊಟಕ್ಕೆ ಪಂಕ್ತಿ ಮಾಡಿ ಬಡಿಸುವ ನಮ್ಮ ಜನಕ್ಕೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಒಟ್ಟು 300 ಅಷ್ಟೇ ಇರಲಿ, ಶಿಖರದ ಏರಿನ ಮೇಲೆ ಬೀಳುವ ಹೆಜ್ಜೆ ಎಷ್ಟೋ ಕಡಿಮೆಯಾಗುತ್ತದೆ. ಗೈಡ್‌ಗಳಿಗೆ ಕೆಲಸವೂ ಕಡಿಮೆಯಾಗುವುದಿಲ್ಲ.

ಇದೇ ಉದ್ಯಾನದಲ್ಲಿ ಕುರಿಂಜಾಲು ಇದೆ, ಗಂಗಡಿಕಲ್ಲು ಇದೆ. ಇವು ಇನ್ನೂ ಚಿಕ್ಕ ನಡಿಗೆಗಳು. ಬುಕಿಂಗ್ ಪುಟದಲ್ಲಿ ‘ಮೊದಲ ಸಲ ಬರುತ್ತಿದ್ದೀರಾ? ಇಲ್ಲಿಂದ ಶುರು ಮಾಡಿ’ ಎಂದು ಒಂದು ಸಾಲು ಹಾಕಿದರೂ ಜನ ಹಂಚಿಹೋಗುತ್ತಾರೆ.

ಚಾರಣಕ್ಕೆ ಬರುವ ಗೆಳೆಯರಿಗೂ ಒಂದು ಮಾತು, ಇದು ಬಹಿರಂಗ ಪತ್ರವಾದ್ದರಿಂದ. ಇಲಾಖೆ ಏನೇ ಮಾಡಲಿ ಬಿಡಲಿ, ಹಾದಿ ಕೆಸರಾಗಿದ್ದರೆ ಕೆಸರಿನಲ್ಲೇ ನಡೆಯಿರಿ. ಬೂಟು ತೊಳೆದರೆ ಹೋಗುತ್ತದೆ. ಸ್ಪೀಕರ್ ಮನೆಯಲ್ಲಿ ಬಿಟ್ಟು ಬನ್ನಿ. ಸಾಧ್ಯವಾದರೆ ವಾರದ ಮಧ್ಯೆ ಒಂದು ರಜೆ ಹಾಕಿ. ಮುಳ್ಳೋಡಿಯ ಮಂಗಳವಾರ ಬೇರೆಯೇ ಇರುತ್ತದೆ. ವಾರದ ದಿನಗಳಿಗೆ ಟಿಕೆಟ್ ದರ ಇಳಿಸಿದರೆ ಇನ್ನೂ ಒಳ್ಳೆಯದು. ನೋಡಿ, ಮತ್ತೆ ಇಲಾಖೆಗೇ ಹೇಳಿದ ಹಾಗಾಯಿತು.

ಮುಳ್ಳೋಡಿಯಲ್ಲಿ ಹೆಂಗಸರಿಗೆ ನೀರಿರುವ, ಬಾಗಿಲು ಹಾಕಬಹುದಾದ ಶೌಚಾಲಯ ಸಾಕಷ್ಟು ಬೇಕು. ಇದಕ್ಕೆ ವಿವರಣೆ ಬೇಡ.

ಇಷ್ಟೆಲ್ಲ ಒಂದೇ ವರ್ಷದಲ್ಲಿ ಆಗುವುದಿಲ್ಲ ಎಂದು ಗೊತ್ತು. ಸಿಬ್ಬಂದಿ ಕಡಿಮೆ, ಆನೆ ಹಾವಳಿಯಿಂದ ಹಿಡಿದು ಒತ್ತುವರಿಯವರೆಗೆ ನಿಮಗೆ ನೂರು ತಲೆನೋವು. ಹಾಗಾಗಿ ಒಂದೇ ಒಂದು ಕೆಲಸ ಮೊದಲು ಮಾಡಿ. ಮುಂದಿನ ಸಲ ಬೇಸಿಗೆಗೆ ಚಾರಣ ಮುಚ್ಚಿದಾಗ, ಮತ್ತೆ ಬುಕಿಂಗ್ ತೆರೆಯುವ ಮೊದಲು, ಸಂಸೆಯಲ್ಲೋ ಕಳಸದಲ್ಲೋ ಒಂದು ಸಭೆ ಕರೆಯಿರಿ. ಗೈಡ್‌ಗಳು, ಜೀಪಿನವರು, ಹೋಮ್‌ಸ್ಟೇಯವರು, ಒಳಗಿನ ಊರಿನವರು, ಟ್ರೆಕ್ ತಂಡ ಕರೆತರುವವರು ಎಲ್ಲ ಇರಲಿ. ಹತ್ತು ಜನಕ್ಕೊಬ್ಬ ಗೈಡ್, ಬಿಟ್ಟು ಬಿಟ್ಟು ಹೊರಡುವುದು, ಅರ್ಧ ದಿನದ ಟಿಕೆಟ್, ಈ ಮೂರರಲ್ಲಿ ಯಾವುದು ಆಗುತ್ತದೆ ಯಾವುದು ಆಗುವುದಿಲ್ಲ ಎಂದು ಅವರನ್ನೇ ಕೇಳಿ. ನನ್ನ ಲೆಕ್ಕ ತಪ್ಪು ಎಂದು ಅವರು ಹೇಳಿದರೆ ಒಪ್ಪಿಕೊಳ್ಳುತ್ತೇನೆ.

ಸಭೆಯ ದಿನಾಂಕವನ್ನು ವೆಬ್‌ಸೈಟಿನಲ್ಲಿ ಮಾತ್ರ ಹಾಕಬೇಡಿ. ಸಂಸೆ ಪೇಟೆಯ ಅಂಗಡಿಗಳ ಮುಂದೆಯೂ ಒಂದು ನೋಟಿಸ್ ಅಂಟಿಸಿ. ಮುಳ್ಳೋಡಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಇಂತಿ,
ಕುದುರೆಮುಖದ ಹಾದಿಯನ್ನು ಆಗಾಗ ತುಳಿಯುವ ಒಬ್ಬ ಚಾರಣಿಗ